ಮುಳ್ಳಯ್ಯನಗಿರಿಯಲ್ಲಿ ಗಡಿಯಾರ ಎಷ್ಟು ಬೇಗ ಓಡುತ್ತದೆ? ಫೋನಿನ ಕ್ಯಾಲ್ಕುಲೇಟರಿನಲ್ಲೇ ಲೆಕ್ಕ ಹಾಕುವ ಬಗೆ

ಕಳೆದ ಚಳಿಗಾಲದಲ್ಲಿ ಅಕ್ಕನ ಮಗಳನ್ನು ಕರೆದುಕೊಂಡು ಮುಳ್ಳಯ್ಯನಗಿರಿಗೆ ಹೋಗಿದ್ದೆ. ಅವಳು ಮೊದಲ ಪಿಯುಸಿ. ಮೆಟ್ಟಿಲು ಹತ್ತಿ ಮೇಲೆ ಹೋಗಿ, ಗುಡಿಯ ಪಕ್ಕ ಒಂದು ಕಲ್ಲಿನ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದೆವು. ಆಗ ಕೇಳಿದಳು: "ಮಾಮ, ಎತ್ತರದಲ್ಲಿ ಟೈಮ್ ಬೇಗ ಓಡುತ್ತಂತಲ್ಲ, ನಿಜವಾ? ಹಾಗಾದ್ರೆ ಇಲ್ಲಿಗೂ ನಮ್ಮ ಮನೆಗೂ ಎಷ್ಟು ವ್ಯತ್ಯಾಸ?"

ನಿಜ ಎಂದು ಹೇಳುವುದು ಸುಲಭ. ಎಷ್ಟು ಎನ್ನುವುದಕ್ಕೆ ಲೆಕ್ಕ ಬೇಕು. ಅಲ್ಲೇ, ಆ ಗಾಳಿಯಲ್ಲೇ ಕೂತು ಅವಳ ಫೋನಿನಲ್ಲಿ ಲೆಕ್ಕ ಹಾಕಿದೆವು. ಐದು ನಿಮಿಷ ಹಿಡಿಯಿತು. ಅವತ್ತು ಮಾಡಿದ್ದನ್ನು, ಆಮೇಲೆ ಮನೆಗೆ ಬಂದು ಮುಂದುವರಿಸಿದ್ದನ್ನು ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಎಸ್ಸೆಸ್ಸೆಲ್ಸಿ ಗಣಿತ ಗೊತ್ತಿದ್ದರೆ ಸಾಕು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಬರುವ ಪ್ರತಿ ಸೂತ್ರಕ್ಕೂ ತೋಟಕ್ಕಿರುವ ಹಾಗೆ ಒಂದು ಬೇಲಿ ಇದೆ. ಬೇಲಿಯ ಒಳಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ದಾಟಿದರೆ ತಪ್ಪು ಉತ್ತರ ಕೊಡುತ್ತದೆ, ಅದೂ ತಪ್ಪು ಎಂದು ಗೊತ್ತೇ ಆಗದ ಹಾಗೆ. ಬೇಲಿ ಎಲ್ಲಿದೆ ಎಂದು ನೋಡಿಕೊಳ್ಳುತ್ತ ಹೋಗುವುದೇ ಸಾಪೇಕ್ಷತಾ ಸಿದ್ಧಾಂತವನ್ನು, ಅಂದರೆ ವೇಗ ಮತ್ತು ಗುರುತ್ವದಿಂದ ಕಾಲದ ಗತಿ ಬದಲಾಗುತ್ತದೆ ಎನ್ನುವ ಐನ್‌ಸ್ಟೈನರ ಸಿದ್ಧಾಂತವನ್ನು, ಕಲಿಯಲು ಒಳ್ಳೆಯ ದಾರಿ ಎಂದು ನನಗೆ ಅನ್ನಿಸುತ್ತದೆ. ಕೊನೆಯಲ್ಲಿ ಆ ಸಿದ್ಧಾಂತದ್ದೇ ಬೇಲಿಯ ಹತ್ತಿರವೂ ಹೋಗೋಣ.

ತಯಾರಿ

ಫೋನಿನ ಕ್ಯಾಲ್ಕುಲೇಟರ್ ತೆಗೆದು ಅಡ್ಡ ತಿರುಗಿಸಿ. ಹೆಚ್ಚಿನ ಫೋನುಗಳಲ್ಲಿ ವರ್ಗಮೂಲ, ಘಾತ ಎಲ್ಲ ಇರುವ ದೊಡ್ಡ ಕ್ಯಾಲ್ಕುಲೇಟರ್ ಬರುತ್ತದೆ. ನಮಗೆ ಸಿಗುವ ಉತ್ತರಗಳು ತೀರಾ ಚಿಕ್ಕವು. ಪರದೆಯ ಮೇಲೆ "9.1ಇ-14" ಎನ್ನುವ ರೀತಿಯಲ್ಲಿ ಕಾಣುತ್ತವೆ. ಅಕ್ಕನ ಮಗಳು ಇದನ್ನು ನೋಡಿ ಕ್ಯಾಲ್ಕುಲೇಟರ್ ಕೆಟ್ಟಿದೆ ಅಂದುಕೊಂಡಳು. ಕೆಟ್ಟಿಲ್ಲ. 9.1ರಲ್ಲಿರುವ ಬಿಂದುವನ್ನು ಎಡಕ್ಕೆ 14 ಮನೆ ಸರಿಸಿ ಎಂದು ಅದರ ಅರ್ಥ. ಇ-6 ಬಂದರೆ ಮೈಕ್ರೋಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಇ-9 ಬಂದರೆ ನ್ಯಾನೋಸೆಕೆಂಡ್, ನೂರು ಕೋಟಿಯಲ್ಲಿ ಒಂದು ಪಾಲು. ಒಂದು ನ್ಯಾನೋಸೆಕೆಂಡಿನಲ್ಲಿ ಬೆಳಕು ಸುಮಾರು 30 ಸೆಂಟಿಮೀಟರ್ ಹೋಗುತ್ತದೆ, ಹೆಚ್ಚುಕಡಿಮೆ ಒಂದು ಅಡಿ.

ಬೆಳಕಿನ ವೇಗ ಸೆಕೆಂಡಿಗೆ 29,97,92,458 ಮೀಟರ್. ನಮ್ಮ ಲೆಕ್ಕಕ್ಕೆ 30 ಕೋಟಿ ಅಂದುಕೊಂಡರೆ ಸಾಕು.

ಇನ್ನು ಎತ್ತರಗಳು. ಮುಳ್ಳಯ್ಯನಗಿರಿ ಸಮುದ್ರಮಟ್ಟದಿಂದ 1,930 ಮೀಟರ್. ಚಿಕ್ಕಮಗಳೂರು ಪೇಟೆ ಸುಮಾರು 1,090. ನಿಮ್ಮ ಊರಿನದು ಗೊತ್ತಿಲ್ಲದಿದ್ದರೆ ಫೋನಿನಲ್ಲಿ ಎತ್ತರ ತೋರಿಸುವ ಆ್ಯಪ್ ನೋಡಿ. ಆದರೆ ಜೋಪಾನ. ಕೆಲವು ಆ್ಯಪ್‌ಗಳು ನಮ್ಮ ಕಡೆ ನಿಜವಾದ ಎತ್ತರಕ್ಕಿಂತ 80-90 ಮೀಟರ್ ಕಮ್ಮಿ ತೋರಿಸುತ್ತವೆ. ಉಪಗ್ರಹದ ಲೆಕ್ಕ ಭೂಮಿಯನ್ನು ನುಣುಪಾದ ಮೊಟ್ಟೆಯಾಕಾರ ಎಂದು ಹಿಡಿಯುತ್ತದೆ. ದಕ್ಷಿಣ ಭಾರತದ ಸುತ್ತ ನಿಜವಾದ ಸಮುದ್ರಮಟ್ಟ ಆ ಆಕಾರಕ್ಕಿಂತ ಕೆಳಗಿದೆ. ಇದರಿಂದ ನಮಗೆ ತೊಂದರೆ ಇಲ್ಲ, ಯಾಕೆಂದರೆ ನಮಗೆ ಬೇಕಾಗಿರುವುದು ಎರಡು ಜಾಗಗಳ ನಡುವಿನ ವ್ಯತ್ಯಾಸ. ಎರಡೂ ಕಡೆ ಒಂದೇ ಆ್ಯಪಿನಲ್ಲಿ ನೋಡಿ ಕಳೆದರೆ ಆಯಿತು.

ಮೊದಲ ಹೆಜ್ಜೆ: ಬೆಟ್ಟದ ಲೆಕ್ಕ

ಭೂಮಿಗೆ ಹತ್ತಿರ ಇರುವ ಗಡಿಯಾರ ನಿಧಾನ, ದೂರ ಇರುವುದು ಬೇಗ. ಐನ್‌ಸ್ಟೈನ್ 1907ರಲ್ಲೇ ಇದನ್ನು ಕಂಡುಕೊಂಡಿದ್ದರು. ಸೂತ್ರ ತುಂಬಾ ಸರಳ: ಎತ್ತರದ ವ್ಯತ್ಯಾಸವನ್ನು 9.8ರಿಂದ ಗುಣಿಸಿ, ಬೆಳಕಿನ ವೇಗದಿಂದ ಎರಡು ಸಲ ಭಾಗಿಸಿ. 9.8 ಎಂದರೆ ಶಾಲೆಯಲ್ಲಿ ಕಲಿತ ಅದೇ ಗುರುತ್ವದ ಸಂಖ್ಯೆ.

1,930ರಲ್ಲಿ 1,090 ಕಳೆದರೆ 840 ಮೀಟರ್. ಹೀಗೆ ಒತ್ತುತ್ತಾ ಹೋಗಿ:

840 × 9.8 ÷ 300000000 ÷ 300000000

ಉತ್ತರ 9.1ಇ-14. ಇದು ಒಂದು ಸೆಕೆಂಡಿನಲ್ಲಿ ಆಗುವ ವ್ಯತ್ಯಾಸ. ಒಂದು ದಿನಕ್ಕೆ 86,400 ಸೆಕೆಂಡು, ಅದರಿಂದ ಗುಣಿಸಿ. 7.9ಇ-9 ಬರುತ್ತದೆ. ಅಂದರೆ ಬೆಟ್ಟದ ತುದಿಯಲ್ಲಿಟ್ಟ ಗಡಿಯಾರ ಪೇಟೆಯ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 8 ನ್ಯಾನೋಸೆಕೆಂಡ್ ಮುಂದೆ ಹೋಗುತ್ತದೆ. 365ರಿಂದ ಗುಣಿಸಿದರೆ ವರ್ಷದ ಲೆಕ್ಕ. ಹಾಸನಾಂಬೆಯ ಬಾಗಿಲು ಒಂದು ಸಲ ತೆಗೆದು ಮುಚ್ಚಿ ಮುಂದಿನ ವರ್ಷ ಮತ್ತೆ ತೆಗೆಯುವಷ್ಟರಲ್ಲಿ ಗಿರಿಯ ಮೇಲಿನ ಗಡಿಯಾರ ಸುಮಾರು 3 ಮೈಕ್ರೋಸೆಕೆಂಡ್ ಮುಂದೆ ಇರುತ್ತದೆ.

ಬೆಟ್ಟದ ಮೇಲಿದ್ದವರಿಗೆ ವಯಸ್ಸಾಗುವುದಿಲ್ಲ ಎಂದು ಕೆಲವರು ಇದೇ ಸಿದ್ಧಾಂತದ ಹೆಸರು ಹೇಳಿ ಮಾತಾಡುವುದನ್ನು ಕೇಳಿದ್ದೇನೆ. ಅದು ಉಲ್ಟಾ. ಮೇಲಿದ್ದವರಿಗೇ ಜಾಸ್ತಿ ವಯಸ್ಸಾಗುತ್ತದೆ. ಎಂಬತ್ತು ವರ್ಷ ಗಿರಿಯ ತುದಿಯಲ್ಲೇ ಇದ್ದರೂ ಆ ಹೆಚ್ಚುವರಿ ಸೆಕೆಂಡಿನ ಸಾವಿರದಲ್ಲಿ ಕಾಲು ಪಾಲಿನಷ್ಟೂ ಆಗುವುದಿಲ್ಲ.

ನೆನಪಿಟ್ಟುಕೊಳ್ಳಲು ಒಂದು ಸುಲಭದ ಲೆಕ್ಕ: ನೂರು ಮೀಟರ್ ಮೇಲೆ ಹೋದರೆ ದಿನಕ್ಕೆ ಸುಮಾರು ಒಂದು ನ್ಯಾನೋಸೆಕೆಂಡ್. ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವಾಗ, ಸುಬ್ರಹ್ಮಣ್ಯದ ಕಡೆ ರೈಲು ಸುರಂಗ ದಾಟುತ್ತ ಇಳಿಯುವಾಗ ಬಾಯಲ್ಲೇ ಲೆಕ್ಕ ಹಾಕಬಹುದು.

ಇಷ್ಟು ಚಿಕ್ಕದನ್ನು ಯಾರಾದರೂ ಅಳೆದಿದ್ದಾರಾ ಎಂದು ಅವಳು ಕೇಳಿದಳು. ಅಳೆದಿದ್ದಾರೆ. 1960ರಲ್ಲಿ ಪೌಂಡ್ ಮತ್ತು ರೆಬ್ಕಾ ಎಂಬ ಇಬ್ಬರು ವಿಜ್ಞಾನಿಗಳು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಕಟ್ಟಡದಲ್ಲಿ ಬರೀ 22.5 ಮೀಟರ್ ಎತ್ತರಕ್ಕೆ ಈ ವ್ಯತ್ಯಾಸವನ್ನು ತೋರಿಸಿದರು. ಅವರು ಗಡಿಯಾರ ಬಳಸಲಿಲ್ಲ. ಕಬ್ಬಿಣದ ಪರಮಾಣುಗಳಿಂದ ಹೊರಡುವ ಗಾಮಾ ಕಿರಣದ ಕಂಪನ ಎತ್ತರಕ್ಕೆ ತಕ್ಕಂತೆ ಎಷ್ಟು ಬದಲಾಗುತ್ತದೆ ಎಂದು ನೋಡಿದರು. 2010ರಲ್ಲಿ ಅಮೆರಿಕದಲ್ಲೇ ಒಂದು ಗಡಿಯಾರವನ್ನು ಇನ್ನೊಂದಕ್ಕಿಂತ 33 ಸೆಂಟಿಮೀಟರ್ ಮೇಲೆತ್ತಿ ವ್ಯತ್ಯಾಸ ಕಂಡರು. ಅದು ನಮ್ಮ ಮನೆಯ ಮೆಟ್ಟಿಲಲ್ಲಿ ಎರಡು ಮೆಟ್ಟಿಲಿನಷ್ಟು. 2022ರ ಹೊತ್ತಿಗೆ ಒಂದು ಮಿಲಿಮೀಟರ್ ಎತ್ತರದ ವ್ಯತ್ಯಾಸವೂ ಕಾಣುವಷ್ಟು ಸೂಕ್ಷ್ಮ ಗಡಿಯಾರಗಳು ಬಂದವು.

ಎರಡನೆಯ ಹೆಜ್ಜೆ: ಬಸ್ಸಿನ ಲೆಕ್ಕ

ಓಡುವ ಗಡಿಯಾರ ನಿಧಾನ. ಇದು 1905ರ ವಿಶೇಷ ಸಾಪೇಕ್ಷತೆ. ಪಠ್ಯಪುಸ್ತಕದ ಸೂತ್ರ ಹೀಗಿದೆ: ವೇಗವನ್ನು ಬೆಳಕಿನ ವೇಗದಿಂದ ಭಾಗಿಸಿ ವರ್ಗ ಮಾಡಿ, ಅದನ್ನು 1ರಿಂದ ಕಳೆದು, ವರ್ಗಮೂಲ ತೆಗೆಯಿರಿ.

ಇದನ್ನು ನೇರವಾಗಿ ಒತ್ತಿದರೆ ಹಲವು ಫೋನುಗಳಲ್ಲಿ ಉತ್ತರ ಸರಿಯಾಗಿ 1 ಬರುತ್ತದೆ. ಅಂದರೆ ಬಸ್ಸಿನಲ್ಲಿ ಕಾಲ ಒಂಚೂರೂ ನಿಧಾನವಾಗಿಲ್ಲ ಎಂದ ಹಾಗಾಯಿತು. ತಪ್ಪು ಸಿದ್ಧಾಂತದ್ದಲ್ಲ. ಕ್ಯಾಲ್ಕುಲೇಟರ್ 15-16 ಅಂಕಿ ಮಾತ್ರ ಇಟ್ಟುಕೊಳ್ಳುತ್ತದೆ. ನಮ್ಮ ವ್ಯತ್ಯಾಸ ಅದಕ್ಕಿಂತ ಆಚೆಯ ಮನೆಯಲ್ಲಿದ್ದರೆ ಅದು ಅಳಿಸಿಹೋಗುತ್ತದೆ. ಹಾಗಾಗಿ ಕಡಿಮೆ ವೇಗಕ್ಕೆ ಬೇರೆ ದಾರಿ ಹಿಡಿಯಿರಿ: ವೇಗದ ವರ್ಗವನ್ನು 2ರಿಂದ ಭಾಗಿಸಿ, ಮತ್ತೆ ಬೆಳಕಿನ ವೇಗದಿಂದ ಎರಡು ಸಲ ಭಾಗಿಸಿ. ನೇರವಾಗಿ ವ್ಯತ್ಯಾಸವೇ ಸಿಗುತ್ತದೆ.

ಹಾಸನದಿಂದ ಬೆಂಗಳೂರಿಗೆ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಮೂರು ಗಂಟೆ ಎಂದು ಇಟ್ಟುಕೊಳ್ಳಿ. ಸೆಕೆಂಡಿಗೆ 16.7 ಮೀಟರ್. ಒತ್ತಿ ನೋಡಿದರೆ ಸೆಕೆಂಡಿಗೆ 1.5ಇ-15. ಮೂರು ಗಂಟೆಗೆ, ಅಂದರೆ 10,800 ಸೆಕೆಂಡಿಗೆ, ಸುಮಾರು 1.7ಇ-11. ನ್ಯಾನೋಸೆಕೆಂಡಿನ ಅರವತ್ತನೇ ಒಂದು ಪಾಲು. ಅದೇ ಮೂರು ಗಂಟೆ ಮುಳ್ಳಯ್ಯನಗಿರಿಯ ಮೇಲೆ ಸುಮ್ನೆ ಕೂತಿದ್ದರೆ ಸಿಗುವ ವ್ಯತ್ಯಾಸ ಒಂದು ನ್ಯಾನೋಸೆಕೆಂಡ್.

ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ವಿಷಯ ಇದೆ. ಬೆಟ್ಟದಿಂದ ಗಳಿಸಿದ್ದನ್ನು ಪೂರ್ತಿ ಕಳೆದುಕೊಳ್ಳಬೇಕಾದರೆ ಎಷ್ಟು ವೇಗವಾಗಿ ಹೋಗಬೇಕು? ಎರಡು ಸೂತ್ರಗಳನ್ನೂ ಸರಿಸಮ ಮಾಡಿ ನೋಡಿ. ಬೆಳಕಿನ ವೇಗ ಎರಡೂ ಕಡೆಯಿಂದ ಹೊಡೆದುಹೋಗುತ್ತದೆ. ಉಳಿಯುವುದು 2 × 9.8 × 840ರ ವರ್ಗಮೂಲ. ಸೆಕೆಂಡಿಗೆ 128 ಮೀಟರ್, ಗಂಟೆಗೆ ಸುಮಾರು 460 ಕಿಲೋಮೀಟರ್. ಈ ಸೂತ್ರವನ್ನು ಎಲ್ಲೋ ನೋಡಿದ ಹಾಗಿದೆ ಅಲ್ವಾ? 840 ಮೀಟರ್ ಎತ್ತರದಿಂದ ಕಲ್ಲು ಬಿಟ್ಟರೆ, ಗಾಳಿಯ ತಡೆ ಇಲ್ಲದಿದ್ದರೆ, ಅದು ನೆಲ ಮುಟ್ಟುವಾಗಿನ ವೇಗ ಇದೇ. ಎತ್ತರದಿಂದ ಕಾಲಕ್ಕೆ ಸಿಗುವುದಕ್ಕೂ ವೇಗದಿಂದ ಕಾಲ ಕಳೆದುಕೊಳ್ಳುವುದಕ್ಕೂ ಬೀಳುವ ಕಲ್ಲಿಗೂ ಒಂದೇ ನಂಟು. ಅಕ್ಕನ ಮಗಳು ಈ ಸಾಲನ್ನು ಎರಡು ಸಲ ಲೆಕ್ಕ ಹಾಕಿಸಿದಳು.

"ಭೂಮಿಯೂ ತಿರುಗುತ್ತಲ್ಲ ಮಾಮ, ಅದನ್ನ ಯಾಕೆ ಸೇರಿಸಲಿಲ್ಲ?" ಎಂಬುದು ಅವಳ ಮುಂದಿನ ಪ್ರಶ್ನೆ. ಸರಿಯಾದ ಪ್ರಶ್ನೆ. ನಾವು ಸಮಭಾಜಕಕ್ಕೆ ಹತ್ತಿರ ಇದ್ದೇವೆ. ದೆಹಲಿಯವರಿಗಿಂತ ಜೋರಾಗಿ ತಿರುಗುತ್ತಿದ್ದೇವೆ. ಹಾಗಾದರೆ ನಮ್ಮ ಗಡಿಯಾರ ನಿಧಾನವಾಗಬೇಕಲ್ಲ? ಸಮಭಾಜಕದ ಗಡಿಯಾರ ಧ್ರುವದ ಗಡಿಯಾರಕ್ಕಿಂತ ನಿಧಾನ ಎಂದು 1905ರಲ್ಲಿ ಐನ್‌ಸ್ಟೈನ್ ಕೂಡ ಬರೆದಿದ್ದರು. ಆಗ ಗುರುತ್ವದ ಪರಿಣಾಮ ಇನ್ನೂ ಅವರ ಲೆಕ್ಕಕ್ಕೆ ಬಂದಿರಲಿಲ್ಲ. ತಿರುಗುವುದರಿಂದಲೇ ಭೂಮಿ ನಡುವಿನಲ್ಲಿ ಉಬ್ಬಿದೆ. ಆ ಉಬ್ಬಿನಿಂದ ನಾವು ಭೂಮಿಯ ನಡುಮಧ್ಯದಿಂದ ಸ್ವಲ್ಪ ದೂರ ಇದ್ದೇವೆ. ಒಂದು ಕಳೆದರೆ ಇನ್ನೊಂದು ಕೊಡುತ್ತದೆ. ಎರಡೂ ಸರಿದೂಗಿ, ಸಮುದ್ರಮಟ್ಟದಲ್ಲಿರುವ ಗಡಿಯಾರಗಳೆಲ್ಲ ಒಂದೇ ಗತಿಯಲ್ಲಿ ನಡೆಯುತ್ತವೆ. ಅದಕ್ಕೇ ನಾವು ಸಮುದ್ರಮಟ್ಟದಿಂದ ಎತ್ತರ ಅಳೆದರೆ ಸಾಕು.

ಆದರೆ ವಿಮಾನ ಹತ್ತಿದರೆ ಭೂಮಿಯ ತಿರುಗುವಿಕೆಯನ್ನು ಸೇರಿಸಲೇಬೇಕು. 1971ರಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬಿಬ್ಬರು ಸೀಸಿಯಂ ಪರಮಾಣುಗಳ ಕಂಪನದಿಂದ ನಡೆಯುವ ಗಡಿಯಾರಗಳನ್ನು ಸಾಮಾನ್ಯ ಪ್ರಯಾಣಿಕರ ವಿಮಾನದಲ್ಲೇ ಇಟ್ಟುಕೊಂಡು ಭೂಮಿ ಸುತ್ತಿದರು. ಪೂರ್ವಕ್ಕೆ ಹೋದಾಗ ಗಡಿಯಾರ 59 ನ್ಯಾನೋಸೆಕೆಂಡ್ ಹಿಂದೆ ಬಿತ್ತು. ಪಶ್ಚಿಮಕ್ಕೆ ಹೋದಾಗ 273 ನ್ಯಾನೋಸೆಕೆಂಡ್ ಮುಂದೆ ಹೋಯಿತು. ಪೂರ್ವಕ್ಕೆ ಹೋಗುವ ವಿಮಾನಕ್ಕೆ ಭೂಮಿಯ ವೇಗವೂ ಸೇರುತ್ತದೆ, ಪಶ್ಚಿಮಕ್ಕೆ ಹೋಗುವುದಕ್ಕೆ ಕಳೆಯುತ್ತದೆ.

ಮೂರನೆಯ ಹೆಜ್ಜೆ: ಹಾಸನದ ಉಪಗ್ರಹಗಳು

ಹಾಸನದಲ್ಲಿ ಸಾಲಗಾಮೆ ರಸ್ತೆ ಕಡೆ ಹೋದವರಿಗೆ ಎಂಸಿಎಫ್‌ನ (ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ) ದೊಡ್ಡ ದೊಡ್ಡ ಬಿಳಿ ಬಟ್ಟಲುಗಳು ಗೊತ್ತಿರುತ್ತವೆ. ಇಸ್ರೋದ ಈ ಕೇಂದ್ರ 1982ರಿಂದ ಇಲ್ಲಿದೆ. ನೆಲದಿಂದ ನೋಡಿದರೆ ಒಂದೇ ಕಡೆ ನಿಂತಂತೆ ಕಾಣುವ, ನಮ್ಮ ದೇಶದ ಭೂಸ್ಥಿರ ಉಪಗ್ರಹಗಳನ್ನು ಇಲ್ಲಿಂದ ನೋಡಿಕೊಳ್ಳುತ್ತಾರೆ. ದಾರಿ ತೋರಿಸುವ ನಾವಿಕ್ ಉಪಗ್ರಹಗಳೂ ಅದೇ ಎತ್ತರದಲ್ಲಿವೆ: ನೆಲದಿಂದ ಸುಮಾರು 35,786 ಕಿಲೋಮೀಟರ್. ಅವುಗಳಲ್ಲಿ ರುಬಿಡಿಯಂ ಪರಮಾಣು ಗಡಿಯಾರಗಳಿವೆ. ಮೊದಲ ನಾವಿಕ್ ಉಪಗ್ರಹ ಹಾರಿದ್ದು 2013ರ ಜುಲೈ 1ರಂದು. ಅದರ ಮೂರೂ ಗಡಿಯಾರಗಳು ಆಮೇಲೆ ಕೆಟ್ಟವು. ಉಪಗ್ರಹ ಬದುಕಿದ್ದರೂ ದಾರಿ ತೋರಿಸುವ ಕೆಲಸಕ್ಕೆ ಬಾರದಾಯಿತು. ಗಡಿಯಾರ ಎಷ್ಟು ಮುಖ್ಯ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. 2023ರ ಮೇ 29ರಂದು ಹಾರಿದ ಹೊಸ ನಾವಿಕ್ ಉಪಗ್ರಹ ಎನ್‌ವಿಎಸ್-01ರಲ್ಲಿ ನಮ್ಮಲ್ಲೇ ಮಾಡಿದ ರುಬಿಡಿಯಂ ಗಡಿಯಾರ ಇದೆ.

ಈಗ ಲೆಕ್ಕ. ಬೆಟ್ಟದ ಸೂತ್ರವನ್ನೇ ಹಾಕೋಣ. 35786000 × 9.8, ಎರಡು ಸಲ 30 ಕೋಟಿಯಿಂದ ಭಾಗಿಸಿ, 86,400ರಿಂದ ಗುಣಿಸಿ. ದಿನಕ್ಕೆ 337 ಮೈಕ್ರೋಸೆಕೆಂಡ್ ಬರುತ್ತದೆ.

ಇದು ತಪ್ಪು. ವರ್ಷಗಳ ಹಿಂದೆ ಒಂದು ಶಾಲೆಯಲ್ಲಿ ಮಕ್ಕಳ ಮುಂದೆ ನಾನು ಇದೇ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದಿದ್ದೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು, "ಸಾರ್, ಅಷ್ಟು ಮೇಲೆ ಹೋದ ಮೇಲೂ 9.8 ಅಂತಲೇ ಹಿಡಿಯಬಹುದಾ?" ಎಂದು ಕೇಳಿದ. ಅಲ್ಲೇ ಒರೆಸಿ ಮತ್ತೆ ಮಾಡಿದೆವು. ಇದೇ ಮೊದಲ ಬೇಲಿ. ಗಿರಿಯ ಎತ್ತರಕ್ಕೆ ಗುರುತ್ವ ಹೆಚ್ಚೇನೂ ಬದಲಾಗುವುದಿಲ್ಲ. ಉಪಗ್ರಹದ ಎತ್ತರಕ್ಕೆ ಹೋದರೆ ತುಂಬಾ ಬದಲಾಗುತ್ತದೆ.

ಸರಿಪಡಿಸುವುದು ಸುಲಭ. ಉಪಗ್ರಹ ಭೂಮಿಯ ನಡುಮಧ್ಯದಿಂದ ಎಷ್ಟು ದೂರ ಇದೆಯೋ ಅದನ್ನು ಭೂಮಿಯ ತ್ರಿಜ್ಯದಿಂದ ಭಾಗಿಸಿ. 42,164 ÷ 6,378 ಎಂದರೆ 6.61. ಆ 337ನ್ನು 6.61ರಿಂದ ಭಾಗಿಸಿ. ದಿನಕ್ಕೆ ಸುಮಾರು 51 ಮೈಕ್ರೋಸೆಕೆಂಡ್ ಮುಂದೆ. ಇನ್ನು ವೇಗ: ಸೆಕೆಂಡಿಗೆ 3,075 ಮೀಟರ್. ಬಸ್ಸಿನ ಸೂತ್ರ ಹಾಕಿದರೆ ದಿನಕ್ಕೆ ಸುಮಾರು 4.5 ಮೈಕ್ರೋಸೆಕೆಂಡ್ ಹಿಂದೆ. ಕಳೆದರೆ 46ರ ಮೇಲೆ ಸ್ವಲ್ಪ. ಇಷ್ಟರಲ್ಲಿ ಬೆಳಕು ಸುಮಾರು 14 ಕಿಲೋಮೀಟರ್ ಓಡಿರುತ್ತದೆ.

ಇದೇ ರೀತಿ ಜಿಪಿಎಸ್‌ಗೆ ನೀವೇ ಮಾಡಿ ನೋಡಿ. ಎತ್ತರ 20,200 ಕಿಲೋಮೀಟರ್, ವೇಗ ಸೆಕೆಂಡಿಗೆ 3,874 ಮೀಟರ್. 45 ಚಿಲ್ಲರೆ ಮುಂದೆ, 7 ಚಿಲ್ಲರೆ ಹಿಂದೆ, ಕೊನೆಗೆ 38 ಬಂದರೆ ನಿಮ್ಮ ಲೆಕ್ಕ ಸರಿ.

ಇಲ್ಲಿ ಒಂದು ಎಚ್ಚರಿಕೆ. ಸಾಪೇಕ್ಷತೆಯ ತಿದ್ದುಪಡಿ ಇಲ್ಲದಿದ್ದರೆ ಒಂದೇ ದಿನದಲ್ಲಿ ಮ್ಯಾಪು ಹತ್ತಾರು ಕಿಲೋಮೀಟರ್ ತಪ್ಪುತ್ತಿತ್ತು ಎಂದು ಎಲ್ಲ ಕಡೆ ಬರೆಯುತ್ತಾರೆ. ಅದು ಪೂರ್ತಿ ಸರಿಯಲ್ಲ. ಎಲ್ಲ ಉಪಗ್ರಹಗಳ ಗಡಿಯಾರವೂ ಒಂದೇ ಸಮ ಮುಂದೆ ಹೋಗುತ್ತಿದ್ದರೆ, ಆ ತಪ್ಪಿನ ಬಹುಪಾಲನ್ನು ಫೋನು ತನ್ನದೇ ಗಡಿಯಾರದ ತಪ್ಪಿನ ಜೊತೆ ಸೇರಿಸಿ ಕಳೆದುಬಿಡುತ್ತದೆ. ಆದರೂ ತಿದ್ದುಪಡಿ ಬೇಕೇ ಬೇಕು. ಗಡಿಯಾರಗಳು ನೆಲದ ಸಮಯದೊಂದಿಗೆ ಹೊಂದದಿದ್ದರೆ ಉಪಗ್ರಹ ಎಲ್ಲಿದೆ ಎನ್ನುವ ಲೆಕ್ಕವೂ ಹಾಳಾಗುತ್ತದೆ, ಸಮಯಕ್ಕಾಗಿ ಅದನ್ನೇ ನಂಬಿದ ವ್ಯವಸ್ಥೆಗಳೂ ಹಾಳಾಗುತ್ತವೆ. ಒಳ್ಳೆಯ ವಿಷಯವನ್ನು ದೊಡ್ಡದು ಮಾಡಿ ಹೇಳುವ ಅಗತ್ಯವೇ ಇಲ್ಲ.

ಅಮೆರಿಕದವರು 1977ರಲ್ಲಿ ಎನ್‌ಟಿಎಸ್-2 ಎಂಬ ಉಪಗ್ರಹ ಹಾರಿಸಿದಾಗ ಒಂದು ಚೆಂದದ ಕೆಲಸ ಮಾಡಿದರು. ಸಾಪೇಕ್ಷತೆಯ ತಿದ್ದುಪಡಿ ಮಾಡುವ ಸಾಧನವನ್ನು ಅದರಲ್ಲಿ ಇಟ್ಟಿದ್ದರು. ಆದರೆ ಮೊದಲ 20 ದಿನ ಅದನ್ನು ಚಾಲೂ ಮಾಡಲಿಲ್ಲ. ಗಡಿಯಾರವನ್ನು ಅದರ ಪಾಡಿಗೆ ಬಿಟ್ಟು ನೋಡಿದರು. ಲಕ್ಷ ಕೋಟಿಗೆ 446.5 ಪಾಲು ಮುಂದೆ ಹೋಗಬೇಕು ಎಂದು ಸಿದ್ಧಾಂತ ಹೇಳಿತ್ತು. ಅಳತೆಯಲ್ಲಿ 442.5 ಬಂತು. ಆಮೇಲೆ ಸಾಧನ ಚಾಲೂ ಮಾಡಿದರು.

ನಾಲ್ಕನೆಯ ಹೆಜ್ಜೆ: ವೇಗ ಜಾಸ್ತಿಯಾದಾಗ, ಅಂಗೈ ಮೇಲೆ ಬೀಳುವ ಮ್ಯೂಯಾನ್

ಬಸ್ಸಿನ ಸುಲಭ ಸೂತ್ರಕ್ಕೂ ಬೇಲಿ ಇದೆ. ವೇಗ ಬೆಳಕಿನ ವೇಗದ ಹತ್ತರಲ್ಲಿ ಒಂದು ಪಾಲಿನವರೆಗೆ ಅದು ಚೆನ್ನಾಗಿದೆ. ಆಮೇಲೆ ಪಠ್ಯಪುಸ್ತಕದ ಪೂರ್ತಿ ಸೂತ್ರವೇ ಬೇಕು. ಬೆಳಕಿನ ವೇಗದ 0.8 ಪಾಲು ತೆಗೆದುಕೊಳ್ಳಿ. 0.8ರ ವರ್ಗ 0.64, ಒಂದರಿಂದ ಕಳೆದರೆ 0.36, ವರ್ಗಮೂಲ 0.6. ನೆಲದಲ್ಲಿ ಹತ್ತು ವರ್ಷ ಕಳೆದರೆ ಅಲ್ಲಿ ಆರು ವರ್ಷ. ಸುಲಭ ಸೂತ್ರ ಹಾಕಿದ್ದರೆ 6.8 ಎನ್ನುತ್ತಿತ್ತು.

ಅಷ್ಟು ವೇಗ ಎಲ್ಲಿದೆ ಎಂದು ಕೇಳಬೇಡಿ. ಅಂಗೈ ಚಾಚಿ. ಆಕಾಶದಿಂದ ಮ್ಯೂಯಾನ್ ಎಂಬ ಕಣಗಳು ಸದಾ ಸುರಿಯುತ್ತಿವೆ. ಅಂಗೈ ಅಗಲಕ್ಕೆ ಸೆಕೆಂಡಿಗೆ ಒಂದೋ ಎರಡೋ ತೂರಿ ಹೋಗುತ್ತವೆ. ಹೊರಗಿನಿಂದ ಬಂದ ಕಾಸ್ಮಿಕ್ ಕಿರಣಗಳು ಗಾಳಿಗೆ ಬಡಿದಾಗ ಸುಮಾರು 15 ಕಿಲೋಮೀಟರ್ ಮೇಲೆ ಇವು ಹುಟ್ಟುತ್ತವೆ. ಇವುಗಳ ಸರಾಸರಿ ಆಯಸ್ಸು 2.2 ಮೈಕ್ರೋಸೆಕೆಂಡ್. ಬೆಳಕಿನ ವೇಗದಲ್ಲಿ ಓಡಿದರೂ ಅಷ್ಟರಲ್ಲಿ ಆಗುವುದು 660 ಮೀಟರ್. ಹಾಗಾದರೆ ನೆಲದವರೆಗೆ ಹೇಗೆ ಬಂದವು?

1963ರಲ್ಲಿ ಫ್ರಿಶ್ ಮತ್ತು ಸ್ಮಿತ್ ಎಂಬಿಬ್ಬರು ಅಮೆರಿಕದ ಮೌಂಟ್ ವಾಷಿಂಗ್ಟನ್ ಬೆಟ್ಟದಲ್ಲಿ ಇವನ್ನು ಎಣಿಸಿದರು. ಆ ಬೆಟ್ಟದ ಎತ್ತರ 1,917 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ 13 ಮೀಟರ್ ಕಮ್ಮಿ, ಅಷ್ಟೇ! ಹಾಗಾಗಿ ಅವರ ಲೆಕ್ಕವನ್ನು ಹೆಚ್ಚುಕಡಿಮೆ ಹಾಗೆಯೇ ನಮ್ಮ ಗಿರಿಗೆ ತರಬಹುದು. ಮೇಲೆ ಮುಳ್ಳಯ್ಯನಗಿರಿ, ಕೆಳಗೆ ಮಂಗಳೂರಿನ ಕಡಲತೀರ ಎಂದು ಇಟ್ಟುಕೊಳ್ಳಿ. ಚಿಕ್ಕಮಗಳೂರು ಸಾಲದು, ಅದೇ ಸಾವಿರ ಮೀಟರ್ ಮೇಲಿದೆ.

ಅವರು ಆರಿಸಿಕೊಂಡದ್ದು ಬೆಳಕಿನ ವೇಗದ 0.995 ಪಾಲು ವೇಗದ ಕಣಗಳನ್ನು. ಬೆಟ್ಟದ ಮೇಲೆ ಗಂಟೆಗೆ ಸುಮಾರು 563 ಸಿಕ್ಕವು. ಅಲ್ಲಿಂದ ಸಮುದ್ರಮಟ್ಟಕ್ಕೆ ಇಳಿಯಲು ಕಣಕ್ಕೆ 6.4 ಮೈಕ್ರೋಸೆಕೆಂಡ್ ಬೇಕು. ಮ್ಯೂಯಾನ್‌ಗಳ ಗುಂಪು ಪ್ರತಿ 1.5 ಮೈಕ್ರೋಸೆಕೆಂಡಿಗೆ ಅರ್ಧವಾಗುತ್ತದೆ. ಅಂದರೆ ನಾಲ್ಕು ಸಲಕ್ಕಿಂತ ಸ್ವಲ್ಪ ಜಾಸ್ತಿ ಅರ್ಧವಾಗಬೇಕು: 563, 281, 141, 70, 35, ಕೊನೆಗೆ ಸುಮಾರು 30. ಕಾಲ ನಿಧಾನವಾಗುವುದು ಸುಳ್ಳಾಗಿದ್ದರೆ ಕೆಳಗೆ ಮೂವತ್ತರ ಆಸುಪಾಸು ಸಿಗಬೇಕಿತ್ತು.

ಈಗ ಪೂರ್ತಿ ಸೂತ್ರ ಹಾಕಿ. 0.995ರ ವರ್ಗವನ್ನು 1ರಿಂದ ಕಳೆದು ವರ್ಗಮೂಲ ತೆಗೆದರೆ 0.1. ಕಣದ ಪಾಲಿಗೆ ಕಳೆದದ್ದು 0.64 ಮೈಕ್ರೋಸೆಕೆಂಡ್ ಮಾತ್ರ. ಒಂದು ಸಲವೂ ಪೂರ್ತಿ ಅರ್ಧವಾಗಲಿಲ್ಲ. ಸುಮಾರು 420 ಉಳಿಯಬೇಕು. ಅವರು ಕೆಳಗೆ ಎಣಿಸಿದ್ದು ಗಂಟೆಗೆ ಸುಮಾರು 410. ಗಾಳಿಯಲ್ಲಿ ಬರುತ್ತ ಕಣಗಳು ಸ್ವಲ್ಪ ನಿಧಾನವಾಗುತ್ತವೆ, ಆ ಸಣ್ಣ ವ್ಯತ್ಯಾಸಕ್ಕೆ ಅದೂ ಒಂದು ಕಾರಣ. ಮೂವತ್ತು ಮತ್ತು ನಾನೂರ ಹತ್ತರ ನಡುವೆ ಅನುಮಾನಕ್ಕೆ ಜಾಗವೇ ಇಲ್ಲ.

ಕೊನೆಯ ಬೇಲಿ

ಇಲ್ಲಿಯವರೆಗೆ ನಮ್ಮ ಸುಲಭ ಸೂತ್ರಗಳ ಬೇಲಿ ನೋಡಿದೆವು. ಪ್ರತಿ ಸಲ ಬೇಲಿ ದಾಟಿದಾಗಲೂ ಆಚೆ ಇನ್ನೊಂದು ದೊಡ್ಡ ಸೂತ್ರ ಕಾದಿತ್ತು. ವಿಶೇಷ ಸಾಪೇಕ್ಷತೆಯಲ್ಲಿ ಗುರುತ್ವ ಇಲ್ಲ. ಅದರ ಆಚೆ 1915ರ ಸಾಮಾನ್ಯ ಸಾಪೇಕ್ಷತೆ ಇದೆ. ಸಾಮಾನ್ಯ ಸಾಪೇಕ್ಷತೆಯ ಬೇಲಿಯನ್ನೂ ಫೋನಿನಲ್ಲೇ ನೋಡಬಹುದು.

ಗುಂಡಗಿನ ವಸ್ತುವಿನ ಹೊರಗೆ, ಒಂದೇ ಕಡೆ ನಿಂತ ಗಡಿಯಾರಕ್ಕೆ ಪೂರ್ತಿ ಸೂತ್ರ ಹೀಗಿದೆ: ಆ ವಸ್ತುವಿಗೆ ಸೇರಿದ ಒಂದು ಅಳತೆಯನ್ನು ನೀವಿರುವ ದೂರದಿಂದ ಭಾಗಿಸಿ, 1ರಿಂದ ಕಳೆದು, ವರ್ಗಮೂಲ ತೆಗೆಯಿರಿ. ಸೂರ್ಯನಿಗೆ ಆ ಅಳತೆ ಸುಮಾರು 3 ಕಿಲೋಮೀಟರ್. ಭೂಮಿಗೆ 8.9 ಮಿಲಿಮೀಟರ್. ಇವು ತ್ರಿಜ್ಯದ ಅಳತೆಗಳು. ಅಂದರೆ ಇಡೀ ಭೂಮಿಯನ್ನು ಅಮುಕಿ ಅಮುಕಿ, ಹಣ್ಣಾದ ಕಾಫಿಗಿಂತ ಒಂಚೂರು ದೊಡ್ಡ ಉಂಡೆ ಮಾಡಿದರೆ ಅದು ಬೆಳಕೂ ಹೊರಬರಲಾಗದ ಕಪ್ಪುಕುಳಿಯಾಗುತ್ತದೆ. ತೋಟದಲ್ಲಿ ಒಂದು ಕಾಫಿ ಹಣ್ಣು ಕಿತ್ತು ಅಂಗೈಯಲ್ಲಿಟ್ಟು ನೋಡಿ, ಆ ಅಳತೆ ಎಂಥದ್ದೆಂದು ಆಗ ಗೊತ್ತಾಗುತ್ತದೆ.

ಆ ಉಂಡೆಯ ಅಂಚಿಗೆ ಬಂದರೆ ಕ್ಯಾಲ್ಕುಲೇಟರ್ 0 ತೋರಿಸುತ್ತದೆ. ದೂರದಿಂದ ನೋಡುವವರಿಗೆ ಅಲ್ಲಿನ ಗಡಿಯಾರ ನಿಂತ ಹಾಗೆ. ಇದೇ ಸಿದ್ಧಾಂತದ ಕೊನೆ ಎಂದು ಹಲವರು ತಿಳಿದಿದ್ದಾರೆ. ಅಲ್ಲ. ಒಳಗೆ ಬೀಳುವವರ ಕೈಗಡಿಯಾರ ಮಾಮೂಲಿಯಾಗಿ ನಡೆಯುತ್ತಲೇ ಇರುತ್ತದೆ. ಅಲ್ಲಿ ಮುಗಿದದ್ದು ಒಂದೇ ಕಡೆ ನಿಂತ ಗಡಿಯಾರದ ಸೂತ್ರ, ಸಿದ್ಧಾಂತವಲ್ಲ. ಕಪ್ಪುಕುಳಿಯ ಹೊರಗಡೆ ಸಿದ್ಧಾಂತ ಎಷ್ಟು ಗಟ್ಟಿ ಎಂದರೆ, ಬೆಂಗಳೂರಿನ ಸಿ.ವಿ. ವಿಶ್ವೇಶ್ವರ ಅವರು 1970ರಲ್ಲೇ ಒಂದು ಲೆಕ್ಕ ಹಾಕಿದ್ದರು: ಅಲುಗಿಸಿದ ಕಪ್ಪುಕುಳಿ ಗಂಟೆ ಹೊಡೆದ ಹಾಗೆ ಮೊಳಗಿ, ಕ್ರಮೇಣ ಶಾಂತವಾಗಬೇಕು. 2015ರ ಸೆಪ್ಟೆಂಬರ್ 14ರಂದು ಎರಡು ಕಪ್ಪುಕುಳಿಗಳು ಒಂದಾದಾಗ ಎದ್ದ ಗುರುತ್ವದ ಅಲೆ ಅಮೆರಿಕದ ಲೈಗೋ ಉಪಕರಣಗಳಿಗೆ ಸಿಕ್ಕಿತು. ಅದರ ಕೊನೆಯಲ್ಲಿ ಆ ಮೊಳಗೂ ಇತ್ತು. ಇದನ್ನು ಕೇಳುವಷ್ಟು ಕಾಲ ಅವರು ಬದುಕಿದ್ದರು ಎಂಬುದು ನನಗೆ ಇವತ್ತಿಗೂ ಖುಷಿ ಕೊಡುವ ವಿಷಯ.

ನಿಜವಾದ ಬೇಲಿ ಇನ್ನೂ ಒಳಗಿದೆ. ಸೂತ್ರದಲ್ಲಿ ದೂರ ಎಂದಿರುವ ಕಡೆ 0 ಹಾಕಿ ನೋಡಿ. ಕ್ಯಾಲ್ಕುಲೇಟರ್ ಎರರ್ ತೋರಿಸುತ್ತದೆ. ಸಾಮಾನ್ಯ ಸಾಪೇಕ್ಷತೆಯೂ ಅಲ್ಲಿ ಹಾಗೇ ಕೈಚೆಲ್ಲುತ್ತದೆ. ಸಾಂದ್ರತೆಗೆ ಮಿತಿಯೇ ಇಲ್ಲ ಎನ್ನುತ್ತದೆ, ಮುಂದೇನು ಎಂದು ಹೇಳುವುದಿಲ್ಲ. ಬ್ರಹ್ಮಾಂಡದ ಮೊದಲ ಕ್ಷಣಕ್ಕೆ ಹೋದರೂ ಇದೇ ಕಥೆ. ಅಷ್ಟು ಚಿಕ್ಕ ಜಾಗದಲ್ಲಿ ಕ್ವಾಂಟಮ್ ನಿಯಮಗಳೂ, ಅಂದರೆ ಪರಮಾಣುವಿನಂಥ ಚಿಕ್ಕ ಕಣಗಳ ನಿಯಮಗಳೂ, ಬೇಕು, ಆದರೆ ಎರಡನ್ನೂ ಒಟ್ಟಿಗೆ ಕೂರಿಸುವ, ಪ್ರಯೋಗದಲ್ಲಿ ಗೆದ್ದ ಸಿದ್ಧಾಂತ ಇನ್ನೂ ಬಂದಿಲ್ಲ. ನಕ್ಷತ್ರಪುಂಜಗಳ ಅಂಚಿನ ನಕ್ಷತ್ರಗಳು ಲೆಕ್ಕಕ್ಕಿಂತ ಜೋರಾಗಿ ಸುತ್ತುವುದೂ ಒಂದು ಒಗಟು. ಕಾಣದ ವಸ್ತು ಇದೆ ಎಂದು ಹೆಚ್ಚಿನವರು ಹೇಳುತ್ತಾರೆ, ಗುರುತ್ವದ ನಿಯಮವನ್ನೇ ತಿದ್ದಬೇಕು ಎನ್ನುವವರೂ ಇದ್ದಾರೆ. ನನಗೆ ಮೊದಲನೆಯದೇ ಹೆಚ್ಚು ಸರಿ ಅನ್ನಿಸುತ್ತದೆ.

ಬ್ರಹ್ಮಲೋಕಕ್ಕೆ ಮಗಳು ರೇವತಿಯನ್ನು ಕರೆದುಕೊಂಡು ಹೋಗಿ ಬರುವಷ್ಟರಲ್ಲಿ ಭೂಮಿಯಲ್ಲಿ ಯುಗಗಳೇ ಕಳೆದ ಕಕುದ್ಮಿಯ ಕಥೆಯನ್ನು ಈ ಮಾತು ಬಂದಾಗಲೆಲ್ಲ ಯಾರಾದರೂ ತೆಗೆಯುತ್ತಾರೆ. ನನಗೂ ಆ ಕಥೆ ಪ್ರೀತಿ. ಆದರೆ ಅದರಲ್ಲಿ ಎತ್ತರವಿಲ್ಲ, ವೇಗವಿಲ್ಲ, ಒತ್ತಿ ನೋಡಲು ಸಂಖ್ಯೆಯಿಲ್ಲ. ಕಥೆಯಾಗಿಯೇ ಕೇಳೋಣ.

ಅವತ್ತು ಗಿರಿ ಇಳಿದು ಕೈಮರದ ಹತ್ತಿರ ಚಹಾ ಕುಡಿಯುತ್ತಿದ್ದಾಗ ಅಕ್ಕನ ಮಗಳು ಇನ್ನೊಂದು ಕೇಳಿದಳು. ಎಲೆಕ್ಟ್ರಾನ್ ಥರದ್ದು ಒಂದೇ ಸಲಕ್ಕೆ ಎರಡು ಕಡೆ ಇರುವ ಸ್ಥಿತಿಯಲ್ಲಿ ಇರಬಹುದು ಎಂದು ಅವಳ ಲೆಕ್ಚರರ್ ಹೇಳಿದ್ದರಂತೆ. "ಹಾಗೆ ಎರಡು ಕಡೆ ಇರೋ ವಸ್ತು ತನ್ನ ಸುತ್ತ ಟೈಮನ್ನ ಎಲ್ಲಿ ನಿಧಾನ ಮಾಡುತ್ತೆ ಮಾಮ? ಇಲ್ಲಾ, ಅಲ್ಲಾ?"

ಪ್ರಪಂಚದ ಪ್ರಯೋಗಾಲಯಗಳು ಈಗ ಸಣ್ಣ ಸಣ್ಣ ತೂಕಗಳನ್ನು ಹಿಡಿದುಕೊಂಡು ಹುಡುಕುತ್ತಿರುವುದು ಇದನ್ನೇ ಎಂದು ಹೇಳಿದೆ. ಉತ್ತರ ಇನ್ನೂ ಯಾರ ಹತ್ತಿರವೂ ಇಲ್ಲ ಎಂದೂ ಹೇಳಿದೆ. ಅವಳು ನೋಟ್‌ಬುಕ್ ತೆಗೆದು ಅವತ್ತಿನ ಲೆಕ್ಕಗಳ ಕೆಳಗೆ ಆ ಪ್ರಶ್ನೆ ಬರೆದುಕೊಂಡಳು. ಬರೆದು, ಉಳಿದ ಅರ್ಧ ಪುಟವನ್ನು ಖಾಲಿ ಬಿಟ್ಟಳು.